ಅಬ್ಬಾಸ್ ಅಲಿಯ ಒಂದೇ ಪ್ಲೇಟು

ಒಂದಾನೊಂದು ಕಾಲಕ್ಕೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬ ರಾಜನಿದ್ದ. ಗ್ಯಾಸ್‌ಲೈಟ್ ಹಚ್ಚಿದರೆ ಅವನ ರಾಜ್ಯ ಹುಟ್ಟುತ್ತಿತ್ತು, ಪರದೆ ಬಿದ್ದರೆ ಮುಳುಗುತ್ತಿತ್ತು. ಆ ನಾಟಕದ ರಾಜನ ಹೆಸರು ಅಬ್ಬಾಸ್ ಅಲಿ. ಸಾಯುವಾಗ ಅವನು ಹೆಂಡತಿಯ ಕೈ ಹಿಡಿದು ಕೇಳಿದ್ದು ಒಂದೇ. "ನನ್ನ ಹಾಡಿನ ಪ್ಲೇಟು ಟ್ರಂಕಿನಲ್ಲಿ ಕೊಳೀಬಾರದು, ರೋಶನ್. ಕೇಳ್ತೀವಿ ಅಂದೋರಿಗೆಲ್ಲ ಕೇಳಿಸೋ ಜಾಗಕ್ಕೆ ಸೇರಿಸು." ರೋಶನ್ ಬೀ ಮಾತು ಕೊಟ್ಟಳು.

ಅರವತ್ತೆರಡನೇ ಇಸವಿಯಲ್ಲಿ ಶಿವಮೊಗ್ಗದ ಒಂದು ಗ್ರಂಥಾಲಯ, ಮುಚ್ಚಿಹೋದ ನಾಟಕ ಕಂಪನಿಗಳ ಕಿರೀಟ, ಪರದೆ, ಪ್ಲೇಟುಗಳನ್ನು ಕೂಡಿಡಲು ಒಂದು ಕೋಣೆ ತೆರೆಯಿತು. ಅವಳು ಪ್ಲೇಟನ್ನು ಅಲ್ಲಿಗೆ ಒಪ್ಪಿಸಿದಳು. ಮಾರನೆಯ ಬೆಳಿಗ್ಗೆ ಕೇಳೋಣವೆಂದು ಲಕೋಟೆ ಬಿಚ್ಚಿದರೆ, ಒಳಗಿದ್ದದ್ದು ಯಾವುದೋ ಭಜನೆಯ ಪ್ಲೇಟು!

ಅವಳು ಓಡಿಬಂದದ್ದು ಪತ್ತೇದಾರ ಷಡಕ್ಷರಪ್ಪನವರ ಮನೆಗೆ. ಅವರ ಕಾರು ಓಡಿಸುವ, ಪ್ರತಿ ಪತ್ತೆಗೂ ಜೊತೆಯಾಗುವ ಪೀರ್ ಬಾಷಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಬೇರೆ ಪ್ರತಿ ಇಲ್ವೇನಮ್ಮ?" ಎಂದರು ಷಡಕ್ಷರಪ್ಪ.

"ಮಾದರಿಗೆ ಅಂತ ಒತ್ತಿದ್ದು ಅದೊಂದೇ ಸಾರ್. ಕೊನೇಲಿ ಅವರ ಹೆಸರು, ರಾಗ ಹಾಕಿದೋರ ಹೆಸರು ಹೇಳ್ತಾರೆ. ಆಗಿನ ರೂಢಿ ಅದು."

ಗ್ರಂಥಾಲಯದ ಕೋಣೆಯಲ್ಲಿ ಮೂವರು ಕಾದಿದ್ದರು. ಬೀಗದ ಕೈ ಇರುವ ಗ್ರಂಥಪಾಲ ಶೇಷಪ್ಪ, ಗ್ರಾಮಫೋನು ಎರವಲು ಕೊಟ್ಟ ಅಂಗಡಿಯ ಸಮೀವುಲ್ಲಾ, ಅಬ್ಬಾಸ್ ಅಲಿಯ ಕಂಪನಿಯ ಹಳೆಯ ಹಾರ್ಮೋನಿಯಂ ಮೇಷ್ಟ್ರು ರಾಮಯ್ಯ. ಕಂಪನಿಯ ಹಾಡುಗಳಿಗೆಲ್ಲ ರಾಗ ಹಾಕಿದವರೆಂದು ರಾಮಯ್ಯನಿಗೆ ಭಾನುವಾರ ಸನ್ಮಾನವಿತ್ತು. ಟಿಕೆಟ್ಟಿಗೆ ಗತಿಯಿಲ್ಲದ ಕಾಲದಲ್ಲಿ ಬಾಷಾನನ್ನು ಪರದೆಯ ಪಕ್ಕ ಕೂರಿಸಿಕೊಂಡ ಪುಣ್ಯಾತ್ಮ ಅವನೇ. ನಿನ್ನೆ ಒಬ್ಬೊಬ್ಬರೂ ಒಂದಷ್ಟು ಹೊತ್ತು ಅಲ್ಲಿ ಒಂಟಿಯಾಗಿದ್ದವರೇ.

"ಗ್ರಾಮಫೋನು ಮುಟ್ಟಿದೋರು ಯಾರು?" ಷಡಕ್ಷರಪ್ಪ ಕೇಳಿದರು.

"ನಾನು ತಂದಿಟ್ಟು, ವೇಗ ಸರಿ ಮಾಡಿ ಹೋದೆ," ಎಂದ ಸಮೀವುಲ್ಲಾ.

"ನನಗೆ ಸೂಜಿ ಇಡೋಕೂ ಭಯ," ಎಂದ ಶೇಷಪ್ಪ.

"ಅದು ಹೇಗೆ ತಿರುಗುತ್ತೆ ಅಂತಲೂ ನಾನರಿಯೆ," ಎಂದ ರಾಮಯ್ಯ. "ಹಾರ್ಮೋನಿಯಂ ಇಟ್ಟು ಹೋದೆ, ಅಷ್ಟೆ."

ಷಡಕ್ಷರಪ್ಪ ಭಜನೆಯ ಪ್ಲೇಟು ಹಾಕಿದರು. ದನಿ ಕಿರ್ರೆಂದು ಓಡತೊಡಗಿತು.

"ಇದೇನು ಭಜನೆಯೋ, ಬೆಕ್ಕಿನ ಜಗಳವೋ ಮಾರಾಯ!" ಸಮೀವುಲ್ಲಾ ಬೆಚ್ಚಿದ. "ಯಾರೋ ವೇಗ ಏರಿಸಿದ್ದಾರೆ!"

ಮಾರನೆಯ ದಿನ ಷಡಕ್ಷರಪ್ಪ ಮೂವರನ್ನೂ, ರೋಶನ್ ಬೀಯನ್ನೂ ಅಲ್ಲೇ ಕೂಡಿಸಿದರು. ವೇಗ ಸರಿಮಾಡಿ, ಅದೇ ಪ್ಲೇಟನ್ನು ಹಾಕಿ ಕೇಳಲು ಒಬ್ಬೊಬ್ಬರಿಗೂ ಕೊಟ್ಟರು. ಶೇಷಪ್ಪ ಸೂಜಿ ಇಟ್ಟೊಡನೆ ಹಿಂದೆ ಸರಿದ. ಸಮೀವುಲ್ಲಾ ಸೂಜಿ ಬದಲಿಸಿ, ವೇಗ ಮುಟ್ಟದೆ ಕೇಳಿದ.

"ನೀವು ಇದಕ್ಕೆ ಹಾರ್ಮೋನಿಯಂ ಸಾಥ್ ಕೊಡಿ ಮೇಷ್ಟ್ರೇ," ಎಂದರು ಷಡಕ್ಷರಪ್ಪ.

ರಾಮಯ್ಯ ಸ್ವರ ಹಿಡಿದ. ಹಾಡಿಗೂ ಹಾರ್ಮೋನಿಯಮ್ಮಿಗೂ ಶ್ರುತಿ ಕೂಡಲಿಲ್ಲ. ಅವನು ಮುಖ ಕಿವುಚಿದ. ಕಣ್ಣು ಹಾಯಿಸದೆಯೇ ಕೈ ಗ್ರಾಮಫೋನಿಗೆ ಹೋಗಿ ವೇಗದ ಕಡ್ಡಿ ತಳ್ಳಿತು. ಹಾಡು ಏರಿ ಹಾರ್ಮೋನಿಯಮ್ಮಿನ ಶ್ರುತಿಗೆ ಬಂದು ಕೂತಿತು.



"ಹಾರ್ಮೋನಿಯಂ ಶ್ರುತಿ ಬಗ್ಗಲ್ಲ, ಪ್ಲೇಟನ್ನೇ ಅದರ ಹತ್ತಿರಕ್ಕೆ ಎಳೀಬೇಕು," ಎಂದರು ಷಡಕ್ಷರಪ್ಪ. "ಆ ಅಭ್ಯಾಸ ಹಾರ್ಮೋನಿಯಂ ನುಡಿಸೋರಿಗೆ ಮಾತ್ರ. ಮೊನ್ನೆ ವೇಗ ಏರಿದ್ದೂ ಹೀಗೇ. ಯಂತ್ರವನ್ನೇ ಅರಿಯೆ ಅಂದೋರ ಕೈಗೆ ಕಡ್ಡಿಯ ದಾರಿ ಗೊತ್ತಿದೆ. ಪ್ಲೇಟಿನ ಕೊನೇಲಿ ರಾಗ ಹಾಕಿದೋರ ಹೆಸರಿದೆ. ಅದು ನಿಮ್ಮದಾಗಿದ್ದರೆ ಸನ್ಮಾನಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಅಲ್ಲದ್ದಕ್ಕೇ ಅಡಗಿಸಿದಿರಿ. ಆದರೆ ಕದಿಯೋ ಮುಂಚೆ ಆ ಹಾಡಿಗೆ ಯಾಕೆ ನುಡಿಸಿದಿರಿ?"

"ಕೊನೇ ಸಲ ಅಬ್ಬಾಸನ ಜೊತೆ ಕೂರಬೇಕು ಅನ್ನಿಸ್ತು." ರಾಮಯ್ಯ ಹಾರ್ಮೋನಿಯಮ್ಮಿನ ಪೆಟ್ಟಿಗೆಯ ತಳದಿಂದ ಪ್ಲೇಟು ತೆಗೆದ. "ಒಡೆಯೋಕೆ ಕೈ ಏಳಲಿಲ್ಲ, ತಂಗಿ."

ಬಾಷಾನಿಗೆ ಅವನ ಮುಖ ನೋಡಲಾಗಲಿಲ್ಲ.

"ಹೆಂಗಸಿನ ಹೆಸರು ಹ್ಯಾಂಡ್‌ಬಿಲ್ಲಿಗೆ ಬೇಡ ಅಂದ್ರಿ, ರಾಗಾನೂ ಕೊಟ್ಟೆ, ಹೆಸರೂ ಬಿಟ್ಟೆ," ಎಂದಳು ರೋಶನ್ ಬೀ. "ನೀವು ಕೇಳ್ಕೊಂಡಿದ್ರೆ ಈಗಲೂ ಬಾಯಿ ಮುಚ್ಕೊಂಡು ಇರ್ತಿದ್ದೆ ರಾಮಯ್ಯಣ್ಣ. ಅವರ ಗಂಟಲು ಯಾಕೆ ಮುಚ್ಚಿಸಿದ್ರಿ?"

ರಾಮಯ್ಯ ಪ್ಲೇಟನ್ನು ಅವಳ ಮುಂದಿಟ್ಟ. ಸಮೀವುಲ್ಲಾ ವೇಗ ಸರಿಮಾಡಿ ಪ್ಲೇಟು ಹಾಕಿದ. ಹಾಡು ಮುಗಿಯಿತು. ಗರಗರ ಸದ್ದಿನ ನಡುವಿನಿಂದ ಗಂಭೀರ ದನಿಯೊಂದು ಹೇಳಿತು: "ಹಾಡಿದವನು ಅಬ್ಬಾಸ್ ಅಲಿ. ರಾಗ ನನ್ನ ಮನೆಯಾಕೆ ರೋಶನ್ ಬೀಯದು."

ಪೇಪರ್ ಓದಲು ಬಂದಿದ್ದ ಒಬ್ಬ ಅಪರಿಚಿತ ಬಾಗಿಲಿಗೆ ಬಂದು ನಿಂತಿದ್ದ. "ಇನ್ನೊಂದು ಸಲ ಕೇಳಿಸ್ತೀರಾ?" ಎಂದ.

ರೋಶನ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡು ತಾನೇ ಎದ್ದಳು. ಸೂಜಿಯನ್ನು ಮೊದಲ ಗೆರೆಯ ಮೇಲಿಟ್ಟಳು.