ಕೋಸು ತೊಳೆಯುವ ದಿನ ಹಾರಿದ ಪೈಪು

ಅಜ್ಜಿ ನಲ್ಲಿ ತಿರುಗಿಸಿದ್ದೇ ತಡ, ಸಿಂಕಿನ ಕೆಳಗಿನ ಪೈಪು ಟಪ್ಪೆಂದು ಕಳಚಿ ಹಾರಿತು. ನೀರು ಸೊಲ್ಬಿಯ ಮುಖಕ್ಕೇ ರಾಚಿತು.

"ಮೇನ್ ವಾಲ್ವ್ ಮುಚ್ಚು ಮರಿ," ಅಂದರು ಅಜ್ಜಿ, ಎರಡೂ ಕೈಯಿಂದ ನೀರನ್ನು ಒತ್ತಿ ಹಿಡಿಯಲು ನೋಡುತ್ತ.

ಸೊಲ್ಬಿ ಬರಿಗಾಲಲ್ಲೇ ಹೊರಗೆ ಓಡಿದಳು. ಬಾಗಿಲ ಪಕ್ಕದ ಗೋಡೆಯಲ್ಲಿ ನೀರಿನ ಮೀಟರ್ ಪೆಟ್ಟಿಗೆ. ತೆಗೆದರೆ ವಾಲ್ವೇ ಕಾಣದು. ಚಳಿಗೆ ಮೀಟರ್ ಹೆಪ್ಪುಗಟ್ಟಿ ಒಡೆಯಬಾರದೆಂದು ಅಜ್ಜಿ ಹೋದ ವಾರವಷ್ಟೇ ಹಳೆ ಬಟ್ಟೆ ಗಿಡಿದು ತುಂಬಿದ್ದರು. ಅಜ್ಜನ ಪೈಜಾಮ, ಅಮ್ಮನ ಸ್ವೆಟರ್, ಸೊಲ್ಬಿಯ ಶಿಶುವಿಹಾರದ ಜಾಕೆಟ್ಟು, ಎಳೆದಷ್ಟೂ ಬಂದವು. ಕೊನೆಗೆ ವಾಲ್ವ್ ಕೈಗೆ ಸಿಕ್ಕಿತು. ತಿರುಗಿಸಿದಳು.

ಒಳಗೆ ಬಂದರೆ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಬಚ್ಚಲಲ್ಲಿ ರಾತ್ರಿಯಿಡೀ ಉಪ್ಪಿನಲ್ಲಿ ನೆನೆದ ಮೂವತ್ತು ಕೋಸು. ಬೇಗ ತೊಳೆಯದಿದ್ದರೆ ಚಳಿಗಾಲಕ್ಕೆಂದು ಹಾಕಿಡುವ ಕಿಮ್ಚಿ ಉಪ್ಪಿನಕಾಯಿಯೆಲ್ಲ ಬರೀ ಉಪ್ಪು.

ಕಿಮ್ಚಿ ಹಾಕಲೆಂದೇ ಬುಸಾನ್‌ನಿಂದ ಬಂದಿದ್ದ ದೊಡ್ಡಮ್ಮ ನೆಲ ಒರೆಸುತ್ತ ನಕ್ಕರು. "ನಿನ್ನ ಕೈಗೆ ಸಿಕ್ಕ ನಲ್ಲಿ ಉಳಿಯುತ್ತಾ ಅಮ್ಮ? ಎಪ್ಪತ್ತೈದಾದ್ರೂ ಎಲ್ಲದರ ಜೊತೆಗೂ ಕುಸ್ತಿ ಬಿಟ್ಟಿಲ್ಲ ನೀನು."

"ಹೌದು ಕಣೇ, ನಾನೇ ಜೋರಾಗಿ ತಿರುಗಿಸಿಬಿಟ್ಟೆ," ಅಂದರು ಅಜ್ಜಿ. ಅವರ ಮುಖ ಚಿಕ್ಕದಾಗಿತ್ತು.

ತಪ್ಪು ಅಜ್ಜಿಯದಲ್ಲ. ಸೋಮವಾರದಿಂದಲೂ ನೀರಿನ ರಭಸ ಹೆಚ್ಚಾಗಿತ್ತು. ನಲ್ಲಿ ಮುಚ್ಚಿದಾಗಲೆಲ್ಲ ಗೋಡೆಯೊಳಗೆ ಪೈಪು ಧಡ್ ಎನ್ನುತ್ತಿತ್ತು. ಸ್ಕೂಲಿಂದ ಬರುವಾಗ ಅಪಾರ್ಟ್‌ಮೆಂಟ್ ಆಫೀಸಿನಲ್ಲಿ ಹೇಳಿ ಬಾ ಎಂದು ಅಜ್ಜಿ ಹೇಳಿದ್ದರು. ಸೊಲ್ಬಿ ಮೂರು ದಿನ ಮರೆತಳು. ನಾಲ್ಕನೆಯ ದಿನ ಕೇಳಿದಾಗ, ಹೇಳಿದೀನಿ ಅಂದುಬಿಟ್ಟಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಜ್ಜಿ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಅಜ್ಜಿ, ನಾನು ಆಫೀಸಿಗೆ ಹೇಳೇ ಇಲ್ಲ. ಸುಳ್ಳು ಹೇಳ್ದೆ."

ದೊಡ್ಡಮ್ಮನ ಕೈ ನಿಂತಿತು. ಅಜ್ಜಿ ಒದ್ದೆ ಕೈ ಒರೆಸಿಕೊಂಡರು.

"ಹಂಗಾದ್ರೆ ಈಗ ಹೋಗಿ ಹೇಳಿ ಬಾ. ಚಪ್ಪಲಿ ಹಾಕ್ಕೊ."

ಆಫೀಸಿನ ಮಾಮ ಬಂದು ನೋಡಿ, ಒತ್ತಡ ತಗ್ಗಿಸುವ ವಾಲ್ವ್ ಕೆಟ್ಟಿದೆ, ಯಾರು ತಿರುಗಿಸಿದ್ದರೂ ಪೈಪು ಹಾರುತ್ತಿತ್ತು ಎಂದರು. ವಾಲ್ವ್, ಪೈಪು ಎರಡನ್ನೂ ಬದಲಿಸಿ ಹೋದರು. ನೀರು ಮೆತ್ತಗೆ ಬಂತು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮೂವರೂ ಅವಸರದಲ್ಲಿ ಎರಡು ಸಲ ಕೋಸು ತೊಳೆದರು. ಅಜ್ಜಿ ಒಂದು ಎಳೆ ಎಲೆ ಹರಿದು ಸೊಲ್ಬಿಯ ಬಾಯಿಗಿಟ್ಟರು.

"ಹೆಂಗಿದೆ?"

ದೊಡ್ಡಮ್ಮ ಆಗಲೇ ಗ್ಲೌಸ್ ಬಿಚ್ಚಿ, ಸೊಂಟ ಹಿಡಿದು ಕೂತಿದ್ದರು. ಅಜ್ಜಿಯ ಬೆರಳು ಚಳಿಗೆ ಕೆಂಪಾಗಿದ್ದವು. ಚೆನ್ನಾಗಿದೆ ಅಂದರೆ ಎಲ್ಲರಿಗೂ ಬಿಡುವು.

"ಇನ್ನೂ ಉಪ್ಪಿದೆ, ಅಜ್ಜಿ."

ದೊಡ್ಡಮ್ಮ ನರಳಿದರು. ಅಜ್ಜಿ ಎಲೆ ಹರಿದು ತಾವು ರುಚಿ ನೋಡಲೇ ಇಲ್ಲ. ಸೊಲ್ಬಿಯ ಮಾತೇ ಸಾಕೆಂಬಂತೆ ಕೋಸಿನ ಬುಟ್ಟಿಯನ್ನು ನೇರ ನಲ್ಲಿಯ ಕೆಳಗೆ ಎಳೆದರು.

ಸೊಲ್ಬಿ ಅದನ್ನು ನೋಡಿದಳು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಅಜ್ಜಿಗೆ ಒತ್ತಿಕೊಂಡೇ ಕೂತಳು.