ಹೊಳೆಯಾಚೆಯ ಉರುಳೆ

"ತಗೊಂಡು ಹೋಗಿ ಮೇಷ್ಟ್ರೇ, ಬೇಡ ಅನ್ನಲ್ಲ. ನನಗೂ ಇದನ್ನ ಹೊತ್ತು ಸಾಕಾಗಿದೆ. ಆದರೆ ಇದರ ಉರುಳೆ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮಾತ್ರ ಸೇರಿಸಬೇಡಿ. ಬೇಡ್ಕೊಂಡು ಹೇಳ್ತೀನಿ, ಸೇರಿಸಬೇಡಿ."

ಥಿರ್ಜಾ ಕೌಲ್ಸ್ ಎಂಬ ಆ ಮುದುಕಿಯ ಎಡಗಣ್ಣು ಪೂರ್ತಿ ಬೆಳ್ಳಗಾಗಿ ಸತ್ತಿತ್ತು. ಬಲಗಣ್ಣೊಂದೇ ಮೆರಿಲ್ ಟ್ಯಾಫ್ಟ್‌ನ ಮುಖದಲ್ಲಿ ನೆಟ್ಟಿತ್ತು. ಅಡುಗೆಮನೆಯ ಮೇಜಿನ ಮೇಲೆ, ಹಳೆಯ ಫ್ಲಾನೆಲ್ ಬಟ್ಟೆಯ ಮಡಿಕೆಯಲ್ಲಿ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟ ರಿವಾಲ್ವರ್ ಮಲಗಿತ್ತು. ಹಿತ್ತಾಳೆಯ ಮೈ, ಬೀಟೆ ಮರದ ಹಿಡಿ, ಎಂಟು ಪಟ್ಟೆಯ ನಳಿಕೆ. ಏಳು ಗುಂಡು ತುಂಬುವ ಉರುಳೆ ಇರಬೇಕಾದ ಜಾಗ ಮಾತ್ರ ಹಲ್ಲು ಕಿತ್ತ ವಸಡಿನಂತೆ ಖಾಲಿಯಿತ್ತು.

"ಸೇರಿಸಿದ್ರೆ ಏನಾಗುತ್ತೆ? ದೆವ್ವ ಬಂದು ಕಾಫಿ ಕೇಳುತ್ತಾ?" ಎಂದ ಮೆರಿಲ್.

"ನಗಿ. ಮದುವೆಯಾದ ವಾರದಲ್ಲೇ ಒಬ್ಬ ಹುಡುಗಿಯ ಗಂಡನ್ನ ಇದರಲ್ಲಿ ಹೊಡೆದ್ರು. ಅವಳು ಅವನ ರಕ್ತದಲ್ಲಿ ಇದನ್ನ ಅದ್ದಿ, ಕರೀ ಹುಂಜದ ತಲೆ ಜೊತೆ ಒಲೆಯ ಕಲ್ಲಿನ ಕೆಳಗೆ ಹೂತು ಮಾಟ ಮಾಡಿದ್ಲು. ಇದು ಉರುಳೆ ಜೊತೆ ಸೇರಿ ಜೋಡಿಯಾಗಿರೋ ಮನೇಲಿ ಉಸಿರಾಡೋ ಇನ್ಯಾವ ಜೋಡೀನೂ ಉಳೀಬಾರದು ಅಂತ. ಚಿಕ್ಕದರಿಂದ ಶುರು ಮಾಡುತ್ತೆ. ಸಲಸಲಕ್ಕೂ ದೊಡ್ಡದನ್ನ ಕೇಳುತ್ತೆ."

ಮೆರಿಲ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವವನು. ಶಾಪ ಎಂಬ ಮಾತು ಕೇಳಿದರೆ ಅದರ ತೂಕ ಎಷ್ಟು ಎಂದು ಕೇಳುವ ಜಾತಿ. ಕಾರು ಹತ್ತುವಾಗ ಹೆಂಡತಿ ಓಡೆಟ್‌ಗೆ, "ಗಂಡ ಹೊಳೆ ಆಚೆ, ಇವಳು ಈಚೆ, ಬದುಕೆಲ್ಲಾ ಹಾಗೇ ಕಳೆದ್ರು. ಅವನ ಮಣ್ಣಿಗೂ ಹೋಗಲಿಲ್ಲ ಮಹಾತಾಯಿ. ಇವಳ ಬೀನ್ಸ್ ಅಷ್ಟು ಹುಳಿಯಾಗಿರ್ತಿತ್ತೋ ಏನೋ!" ಎಂದ. ಓಡೆಟ್ ನಗಲಿಲ್ಲ. ಕೆನಡಾ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದವರ ಮೊಮ್ಮಗಳು ಅವಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಮೆರಿಲ್‌ನ ಹಾಗೆ ಹಳೆಯ ರಿವಾಲ್ವರ್ ಸಂಗ್ರಹಿಸುವ ಹುಚ್ಚು ಹತ್ತಿದವರಿಗೆ ನಮ್ಮ ಕನೆಕ್ಟಿಕಟ್ ಕಣಿವೆ ದೊಡ್ಡ ಯಾತ್ರಾಸ್ಥಳ. ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿನ ಕಾರ್ಖಾನೆಗಳಲ್ಲಿ ಈ ಪುಟ್ಟ ರಿವಾಲ್ವರ್‌ಗಳು ಹುಟ್ಟಿದವು. ಮಾಡುತ್ತ ಮಾಡುತ್ತಲೇ ಕೆಲಸಗಾರರು ಏನಾದರೊಂದು ಬದಲಿಸುತ್ತಿದ್ದರು. ಇಲ್ಲಿ ಪಕ್ಕದ ಮುಚ್ಚಳ ದುಂಡಗೆ, ಅಲ್ಲಿ ಮೊಟ್ಟೆಯಾಕಾರ. ಮೊದಲು ನಳಿಕೆ ಹಿಡಿದಿಡುವ ಅಗುಳಿ ಚಪ್ಪಟೆ, ಆಮೇಲೆ ಉಬ್ಬು. ಬೇರೆಯವರಿಗೆ ಎಲ್ಲವೂ ಒಂದೇ. ಹುಚ್ಚರಿಗೆ ಮಾತ್ರ ಆ ಚಪ್ಪಟೆ ಅಗುಳಿ ಕಂಡರೆ ಊಟ ಸೇರುವುದಿಲ್ಲ. ಮುದುಕಿಯ ರಿವಾಲ್ವರ್‌ಗೆ ಚಪ್ಪಟೆ ಅಗುಳಿಯಿತ್ತು.

ಇನ್ನೊಂದು ಮಾತು ಹೇಳಬೇಕು. ಹಿಡಿಯನ್ನು ಬಿಚ್ಚಿದರೆ ಒಳಗೆ ಒಂದು ಅಕ್ಷರ, ಒಂದು ಅಂಕಿ ಸಿಗುತ್ತದೆ. ಒಂದೇ ರಿವಾಲ್ವರ್‌ನ ತುಂಡುಗಳು ಬೆರೆತುಹೋಗದಿರಲೆಂದು ಮೈ, ನಳಿಕೆ, ಉರುಳೆ ಮೂರಕ್ಕೂ ಅದೇ ಗುರುತು ಹೊಡೆಯುತ್ತಿದ್ದರು. ಗುರುತು ಕೂಡಿದ ತುಂಡುಗಳು ಸಿಕ್ಕರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಹುಟ್ಟುವಾಗ ಜೊತೆಗಿದ್ದದ್ದನ್ನು ಜೊತೆ ಸೇರಿಸುವುದು ಪುಣ್ಯದ ಕೆಲಸ ಎಂದೇ ನಂಬಿಕೆ.

ಆ ಚಳಿಗಾಲ ಸಂಗ್ರಹಕಾರರ ಸಂತೆ ಮಾಜಿ ಸೈನಿಕರ ಸಭಾಂಗಣದಲ್ಲಿ ನಡೆಯಿತು. ಎಣ್ಣೆ, ಒದ್ದೆ ಉಣ್ಣೆ, ಡೋನಟ್‌ಗಳ ವಾಸನೆ. ಹಳೇಬಟ್ಟೆ ಮಾರುವವನೊಬ್ಬನ ಮೇಜಿನಡಿ, ತುಕ್ಕು ಹಿಡಿದ ಚಿಲ್ಲರೆ ತುಂಡುಗಳ ಡಬ್ಬಿಯಲ್ಲಿ ಮೆರಿಲ್ ಕೈಯಾಡಿಸಿದ. ಬೆರಳಿಗೆ ಮಂಜುಗಡ್ಡೆಯಂಥದ್ದೇನೋ ತಗಲಿತು. ಪುಟ್ಟ ಉರುಳೆ. ಹೊರಳಿಸಿ ಗುರುತು ನೋಡಿದ. ಎಲ್, ಒಂಬತ್ತು.

ಮುದುಕಿಯ ರಿವಾಲ್ವರ್‌ದೂ ಅದೇ.

"ಇದು ಎಲ್ಲಿಂದ ಬಂತಪ್ಪಾ?"

"ಯಾವುದೋ ಕೋಟಿನ ಜೇಬಲ್ಲಿತ್ತು ಸಾರ್. ತಗೊಂಡು ಹೋಗಿ, ಅದು ಇದ್ರೆ ಯಾಕೋ ನನ್ನ ಡಬ್ಬಿಯೆಲ್ಲಾ ತಣ್ಣಗಾಗುತ್ತೆ."

ಮನೆ ಸೇರುವಷ್ಟರಲ್ಲಿ ಹಿಮ ಬೀಳತೊಡಗಿತ್ತು. ಮಧ್ಯಾಹ್ನ ಕಳೆಯುವ ಮೊದಲೇ ಕರೆಂಟು ಹೋಯಿತು. ಕಿಟಕಿಗಳಿಗೆ ಹಿಮ ಮೆತ್ತಿ ಹಗಲೇ ಕಪ್ಪಾಯಿತು. ಮೆರಿಲ್ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಮೇಜಿಗೆ ಕೂತ. ಭೂತಗನ್ನಡಿಯಲ್ಲಿ ಉರುಳೆಯನ್ನು ನೋಡಿ ತುಟಿ ಕಚ್ಚಿದ. ಈ ಜಾತಿಯ ರಿವಾಲ್ವರ್‌ನಲ್ಲಿ ಪುಟ್ಟ ಸುತ್ತಿಗೆ ಗುಂಡಿನ ಅಂಚಿಗೆ ಬಡಿಯುತ್ತದೆ. ಗುಂಡಿಲ್ಲದೆ ಬಡಿದರೆ ಉರುಳೆಯ ಅಂಚೇ ಜಜ್ಜಿಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ಖಾಲಿ ಹೊಡೆಯುವುದಿಲ್ಲ. ಇದರಲ್ಲಿ ಗುಂಡು ಕೂರುವ ಏಳು ಕೋಣೆಗಳ ಪೈಕಿ ನಾಲ್ಕರ ಅಂಚು ಜಜ್ಜಿಹೋಗಿತ್ತು. ಮೂರು ಮಾತ್ರ ನಯವಾಗಿದ್ದವು.

"ಸೇರಿಸ್ತಾ ಇದೀಯಾ?" ಬಾಗಿಲಲ್ಲಿ ಓಡೆಟ್ ನಿಂತಿದ್ದಳು.

"ಹಿಡಿಸುತ್ತಾ ಅಂತ ನೋಡ್ತೀನಷ್ಟೆ."

"ಬೇಡ ಕಣೋ. ಆ ಮುದುಕಿ ಹೆದರಿದ್ದು ನಾಟಕ ಅಲ್ಲ."

"ನಿಮ್ಮಜ್ಜಿ ಥರ ಆಡ್ಬೇಡ. ಹೋಗಿ ಸೂಪ್ ಬಿಸಿ ಮಾಡು."

ಅಗುಳಿ ಒತ್ತಿ ನಳಿಕೆ ಎತ್ತಿದ. ಉರುಳೆ ತಾನಾಗಿಯೇ ಒಳಗೆ ಜಾರಿ ಕೂತಿತು. ನಳಿಕೆ ಮುಚ್ಚಿದ. ಎಷ್ಟು ಚೆನ್ನಾಗಿ ಕೂತಿತೆಂದರೆ ಮೆರಿಲ್‌ಗೆ ಕಣ್ಣಲ್ಲಿ ನೀರು ಬಂತು. ಮೇಜಿನ ಮೇಲಿಟ್ಟು ಕೈ ತೆಗೆದ.

ಟಕ್.

ಸುತ್ತಿಗೆ ತಾನೇ ಎದ್ದು ತಾನೇ ಬಿದ್ದಿತ್ತು. ಕೊಳೆತ ಮೊಟ್ಟೆಯ, ಸುಟ್ಟ ಗಂಧಕದ ವಾಸನೆ ಮನೆ ತುಂಬಿತು. ಪಂಜರದಲ್ಲಿದ್ದ ಜೋಡಿ ಕ್ಯಾನರಿ ಹಕ್ಕಿಗಳಲ್ಲಿ ಒಂದು ಕಡ್ಡಿಯಿಂದ ಕೆಳಗೆ ಬಿತ್ತು. ಇನ್ನೊಂದು ಕಿರುಚತೊಡಗಿತು.

"ಚಳಿಗೆ ಸತ್ತಿದೆ," ಎಂದ ಮೆರಿಲ್. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಟಕ್.

ಒಲೆಯ ಮುಂದೆ ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದ ಅಕ್ಕತಂಗಿ ನಾಯಿಗಳು. ತಂಗಿ ಎದ್ದು ಕೂತಳು. ಅಕ್ಕನ ಮುಖ ನೆಕ್ಕಿದಳು. ಮತ್ತೆ ನೆಕ್ಕಿದಳು. ಆಮೇಲೆ ಕತ್ತೆತ್ತಿ ಊಳಿಟ್ಟಳು.

ಮೆರಿಲ್ ದೀಪ ಹತ್ತಿರ ತಂದ. ಉರುಳೆಯಲ್ಲಿ ಹೊಸದಾಗಿ ಎರಡು ಜಜ್ಜುಗಳು ಹೊಳೆಯುತ್ತಿದ್ದವು. ನಯವಾಗಿ ಉಳಿದದ್ದು ಒಂದೇ ಕೋಣೆ. ಅದು ಮೆಲ್ಲಗೆ, ಗಡಿಯಾರದ ಮುಳ್ಳಿನಷ್ಟು ಮೆಲ್ಲಗೆ, ಸುತ್ತಿಗೆಯ ಕೆಳಕ್ಕೆ ತಿರುಗುತ್ತಿತ್ತು. ಈ ಮನೆಯಲ್ಲಿ ಇನ್ನುಳಿದ ಜೋಡಿ ಯಾವುದೆಂದು ಅವನಿಗೆ ಹೊಳೆಯಿತು.

"ಮೆರಿಲ್..." ಅಡುಗೆಮನೆಯಿಂದ ಓಡೆಟ್‌ಳ ದನಿ. "ಉಸಿರು... ಹಿಡೀತಾ ಇದೆ ಕಣೋ..." ಪಾತ್ರೆ ಬಿದ್ದ ಸದ್ದು. ಅವಳು ಬಿದ್ದ ಸದ್ದು.

ಅಗುಳಿ ಒತ್ತಿದ. ಕದಲಲಿಲ್ಲ. ಎರಡೂ ಕೈಯಿಂದ ಒತ್ತಿದ. ಉಗುರು ಕಿತ್ತು ಬಂತು. ಹಿತ್ತಾಳೆ ಕೆಂಡದಷ್ಟು ಸುಡುತ್ತಿತ್ತು. ಸುತ್ತಿಗೆ ಏಳುತ್ತಿತ್ತು. ಹಿಡಿದು ನಿಲ್ಲಿಸಲು ನೋಡಿದ. ನಿಲ್ಲಲಿಲ್ಲ. ಅರ್ಧ ಎದ್ದಿತು. ಪೂರ್ತಿ ಎದ್ದಿತು. ಅಡುಗೆಮನೆಯಲ್ಲಿ ಸದ್ದಿಲ್ಲ. ಉಸಿರಾಡುವ ಜೋಡಿ. ಜೋಡಿ ಬೇಕು ಅದಕ್ಕೆ. ಯಾವ ಜೋಡಿಯಾದರೂ. ತನ್ನ ಕೈಗಳನ್ನು ನೋಡಿದ.

"ಇದನ್ನ ತಗೋ!" ಎಂದು ಚೀರಿ, ಸುತ್ತಿಗೆಗೂ ಉರುಳೆಗೂ ನಡುವೆ ಎಡಗೈ ಹೆಬ್ಬೆರಳು ತುರುಕಿದ.

ಸುತ್ತಿಗೆ ಬಿತ್ತು.

ಸದ್ದಾಗಲಿಲ್ಲ. ನೋವೂ ಆಗಲಿಲ್ಲ. ಹೆಬ್ಬೆರಳು ಬುಡದವರೆಗೆ ಇದ್ದಿಲಿನಂತೆ ಕಪ್ಪಾಗಿ, ತಣ್ಣಗೆ ಜೋತುಬಿತ್ತು. ಅಗುಳಿ ತಾನಾಗಿ ಸಡಿಲಿತು. ಉರುಳೆ ಹೊರಬಿದ್ದು ನೆಲದ ಮೇಲೆ ಉರುಳಿತು. ಅಡುಗೆಮನೆಯಲ್ಲಿ, ನೀರಿನಿಂದ ತಲೆಯೆತ್ತಿದವರ ಹಾಗೆ, ಓಡೆಟ್ ಒಂದು ದೊಡ್ಡ ಉಸಿರೆಳೆದಳು.

ಹಿಮ ನಿಂತ ಮೇಲೆ, ಡಾಕ್ಟರು ಹೆಬ್ಬೆರಳು ತೆಗೆದ ಮೇಲೆ, ಮೆರಿಲ್ ಥಿರ್ಜಾಳ ಮನೆಗೆ ಹೋದ. ಬ್ಯಾಂಡೇಜು ನೋಡಿದ್ದೇ ಮುದುಕಿ ಕುರ್ಚಿಯಲ್ಲಿ ಕುಸಿದಳು.

"ಆ ಉರುಳೆ ನನ್ನ ಗಂಡ ಈಬನ್‌ನ ಕೋಟಿನ ಜೇಬಲ್ಲಿತ್ತು," ಎಂದಳು. "ಆ ಕೋಟಲ್ಲೇ ಹೂಳಿ ಅಂತ ಹೇಳಿ ಕಳಿಸಿದ್ದೆ. ನುಸಿ ತಿಂದಿದೆ ಅಂತ ಕೋಟು ಬದಲಾಯಿಸಿಬಿಟ್ರೇನೋ. ನಾನೇ ಹೋಗಿ ನೋಡ್ಬೇಕಿತ್ತು. ಆದ್ರೆ ಹೇಗೆ ಹೋಗ್ಲಿ? ರಿವಾಲ್ವರ್ ನನ್ನ ಮಡಿಲಲ್ಲಿತ್ತಲ್ಲ."

"ಉರುಳೆಯಲ್ಲಿ ಒಂದು ಕೋಣೆ ಇನ್ನೂ ನಯವಾಗಿದೆ. ನನ್ನ ಬೆರಳು ಅಡ್ಡ ಬಂತು."

"ನನ್ನ ಕಣ್ಣೂ ಹಾಗೇ ಅಡ್ಡ ಬಂದಿತ್ತು ಮೇಷ್ಟ್ರೇ. ಅದು ಸಾಲ ಬರ್ಕೊಂಡಿದೆ ಅಂತ ತಿಳ್ಕೊಳ್ಳಿ. ಇನ್ನೊಂದು ಸಲ ಬೆರಳಿಗೆ ಒಪ್ಪಲ್ಲ."

"ಹೊಳೆಗೆ ಎಸೀತೀನಿ. ಕರಗಿಸ್ತೀನಿ."

"ನಾವೂ ಎಸೆದ್ವಿ. ಬೆಳಗ್ಗೆ ಹಿಟ್ಟಿನ ಡಬ್ಬಿಯಲ್ಲಿತ್ತು, ಒದ್ದೆಯಾಗಿ. ಮೈಮೇಲೆ ಇಟ್ಕೊಂಡ್ರೆ ಮಾತ್ರ ಸುಮ್ನಿರುತ್ತೆ. ಕೆಳಗಿಟ್ರೆ ತನ್ನ ಜೋಡಿ ಹುಡುಕ್ಕೊಂಡು ಹೊರಡುತ್ತೆ. ನಡುವೆ ಹರಿಯೋ ನೀರಿರಬೇಕು. ಒಂದು ನನ್ನ ಹತ್ರ, ಒಂದು ಅವನ ಹತ್ರ. ಬದುಕೆಲ್ಲಾ ಹಾಗೇ ಕಳೆದ್ವಿ."

"ಬೇರೆ ಯಾರಿಗಾದರೂ ಕೊಡಬಹುದಿತ್ತಲ್ಲ!"

"ಕೊಟ್ಟೆನಲ್ಲ," ಎಂದಳು ಮುದುಕಿ. "ನಿಮಗೆ."

ಮೆರಿಲ್ ಮನೆಗೆ ಮರಳಿದ. ಗುರುತು ಕೂಡಿದ್ದನ್ನು ಕಂಡೂ ಕೈ ಬಿಗಿಹಿಡಿಯುವವನು ನಮ್ಮಲ್ಲಿ ಯಾರಿದ್ದಾನೆ? ಮೆರಿಲ್‌ನ ಜೀವಕ್ಕಾಗಿ ಅದನ್ನು ಸೇರಿಸದೆ ಇಟ್ಟುಕೊಳ್ಳುವವಳು ಜಗತ್ತಿನಲ್ಲಿ ಓಡೆಟ್ ಒಬ್ಬಳೇ ಇದ್ದಳು. ವಿಷಯ ಕಿವಿಗೆ ಬಿದ್ದ ತಕ್ಷಣ ಅವಳು ಉರುಳೆಗೆ ಕೈಚಾಚಿದಳು.

ಈಗ ಓಡೆಟ್ ಹೊಳೆಯಾಚೆ ಇದ್ದಾಳೆ. ಕೊರಳಲ್ಲಿ ಶಿಲುಬೆಯ ಜೊತೆ ಪುಟ್ಟ ಚೀಲ, ಚೀಲದಲ್ಲಿ ಉರುಳೆ. ಈಚೆ ಮೆರಿಲ್‌ನ ಅಂಗಿಯೊಳಗೆ ಹಿತ್ತಾಳೆಯ ಮೈ ಸದಾ ತಣ್ಣಗೆ ಎದೆಗೊತ್ತುತ್ತದೆ. ಫೋನಿನಲ್ಲಿ ಇಬ್ಬರೂ ಊಟದ ವಿಷಯ, ನಾಯಿಯ ವಿಷಯ ಮಾತಾಡುತ್ತಾರೆ. ಕತ್ತಲಾದಾಗ ಅವಳು ಕಿಟಕಿಯಲ್ಲಿ ದೀಪ ಇಡುತ್ತಾಳೆ, ಇವನೂ ಇಡುತ್ತಾನೆ. ಹತ್ತಿರ ಹೋಗುವ ಹಾಗಿಲ್ಲ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ, ಆಗ ಇನ್ನೊಬ್ಬರು ಮಣ್ಣಿಗೂ ಹೋಗುವಂತಿಲ್ಲ.

ಮೊನ್ನೆ ಸಂತೆಯಲ್ಲಿ ಹೊಸಬನೊಬ್ಬ ಇವನ ಹೆಬ್ಬೆರಳಿಲ್ಲದ ಕೈ ನೋಡಿ, ಪಕ್ಕದವನ ಕಿವಿಯಲ್ಲಿ, "ಹೆಂಡ್ತಿ ಬಿಟ್ಟು ಹೋದವನು ಇವನೇನಾ? ಅವಳ ಬೀನ್ಸ್ ಅಷ್ಟು ಹುಳಿಯಾಗಿತ್ತಾ?" ಎಂದು ಕೇಳಿ ಕಿಸಕ್ಕೆಂದ.

ಮೆರಿಲ್‌ಗೆ ಕೇಳಿಸಿತು. ಅಂಗಿಯ ಮೇಲೆ ಕೈಯಿಟ್ಟು ಒತ್ತಿಕೊಂಡ. ಒಳಗೆ ಸುತ್ತಿಗೆ ಕೂದಲೆಳೆಯಷ್ಟು ಎದ್ದು, ಮತ್ತೆ ಮಲಗಿತು.