ಬಾಗಿಲಲ್ಲಿ ಗಂಡಸರ ಚಪ್ಪಲಿ

ಸಂಜೆ ಫೈಲು ಹಿಡಿದ ಮೇಡಂ ಬೀದಿಯ ತುದಿಯಲ್ಲಿ ಕಂಡದ್ದೇ ತಡ, ಧರಣಿ ಪಕ್ಕದ ಮನೆಯ ಚಿಕ್ಕಯ್ಯ ತಾತನ ದೊಡ್ಡ ಚಪ್ಪಲಿಗಳನ್ನು ಎತ್ತಿಕೊಂಡು ಬಂದು ತಮ್ಮ ಬಾಗಿಲಲ್ಲಿ ಜೋಡಿಸಿದಳು. ಒಳಗೆ ಗಂಡಸರಿದ್ದಾರೆ ಎಂದು ನೋಡಿದವರು ನಂಬಲೇಬೇಕು.

ಅಗ್ರಹಾರದ ಆ ವಠಾರದ ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಅವಳು, ಇಬ್ಬರೇ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಂಡಕಳ್ಳಿ ಏರ್‌ಪೋರ್ಟಿನಲ್ಲಿ ಕ್ಲೀನಿಂಗ್ ಕೆಲಸಕ್ಕೆ ಅಮ್ಮ ಬೆಳಗ್ಗೆ ಐದಕ್ಕೇ ಹೊರಟುಬಿಡುತ್ತಿದ್ದಳು. ಸ್ಕೂಲಿನ ಹೊತ್ತಿನವರೆಗೂ ಧರಣಿ ಒಬ್ಬಳೇ.

ಸರ್ಕಾರಿ ಆಫೀಸಿನ ಈ ಮೇಡಂ ಸ್ಕೂಲಿನಲ್ಲೂ ಅಂಗಡಿಯಲ್ಲೂ ಅಮ್ಮನ ಬಗ್ಗೆ ವಿಚಾರಿಸಿದ್ದರು. ಒಂಟಿಯಾಗಿ ಬಿಟ್ಟ ಮಕ್ಕಳನ್ನು ಇಂಥವರು ಹಾಸ್ಟೆಲಿಗೆ ಹಾಕಿಬಿಡುತ್ತಾರೆ ಎಂದು ಕ್ಲಾಸಿನ ಅಮರ್ ಹೇಳಿದ್ದ. ಅಮರ್ ಬಾಯಿಗೆ ಬಂದದ್ದು ಹೇಳುವವನು, ನಿಜ. ಆದರೂ ಅಂದಿನಿಂದ ಧರಣಿಗೆ ಅನ್ನ ಸೇರುತ್ತಿರಲಿಲ್ಲ. ಅಮ್ಮನೂ ಏನೋ ಕಾಗದ ಓದುತ್ತಿದ್ದವಳು ಇವಳನ್ನು ಕಂಡ ಕೂಡಲೇ ಮಡಚಿ ಸೀರೆಗಳ ಅಡಿಗೆ ತುರುಕಿದ್ದಳು. ಅಮ್ಮನೂ ಅವರ ಜೊತೆ ಸೇರಿರಬಹುದೇ?

ಮೇಡಂ ಹೆಸರು ಶಾರದ. ಚಾಪೆಯ ಮೇಲೆ ಕುಳಿತು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ನಾವಿಬ್ಬರೇ ಎಂದಳು ಆಗಷ್ಟೇ ಕೆಲಸದಿಂದ ಬಂದಿದ್ದ ಅಮ್ಮ. ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು.

"ಮತ್ತೆ ಬಾಗಿಲಲ್ಲಿರೋ ಚಪ್ಪಲಿ ಯಾರದಮ್ಮ? ನೀವೊಬ್ರೇ ಮಗೂನ ಸಾಕ್ತಿದೀರಿ ಅಂತ ಅರ್ಜೀಲಿ ಬರೆದಿದೀರಿ."

ಅಮ್ಮ ಎದ್ದು ಬಾಗಿಲಾಚೆ ನೋಡಿದಳು. ತನಗೇನೂ ಗೊತ್ತಿಲ್ಲ ಎಂದಳು. ಮೇಡಂ ನಂಬಿದಂತೆ ಕಾಣಲಿಲ್ಲ. ಸುಳ್ಳು ಬರೆದಿದ್ದರೆ ಸರ್ಕಾರದ ಸಹಾಯ ಸಿಗುವುದಿಲ್ಲ ಎಂದರು.

ಅರ್ಜಿ? ಅಂದರೆ ಅಮ್ಮನೇ ಇವರನ್ನು ಕರೆಸಿದ್ದಾಳೆ! ನಿಜ ಹೇಳಿದರೆ ಹಾಸ್ಟೆಲ್, ಸುಮ್ಮನಿದ್ದರೆ ಅಮ್ಮ ಸುಳ್ಳುಗಾರ್ತಿ.

"ಅದು ಚಿಕ್ಕಯ್ಯ ತಾತಂದು ಮಿಸ್, ನಾನೇ ಇಟ್ಟೆ" ಎಂದಳು. "ನೀವು ನನ್ನ ಕರ್ಕೊಂಡು ಹೋಗ್ಬುಡ್ತೀರ ಅಂತ."

ಅಷ್ಟರಲ್ಲಿ ತಾತನೇ ಗೊಣಗುತ್ತ ಬರಿಗಾಲಲ್ಲಿ ಬಂದು ತನ್ನ ಚಪ್ಪಲಿ ಮೆಟ್ಟಿಕೊಂಡು ಹೋದ. ಮೇಡಂ ನಕ್ಕುಬಿಟ್ಟರು. ಕರೆದುಕೊಂಡು ಹೋಗುವುದಕ್ಕಲ್ಲ, ನೀನು ಅಮ್ಮನ ಹತ್ತಿರವೇ ಇರಲು ಏನು ಬೇಕೆಂದು ನೋಡುವುದಕ್ಕೆ ಬಂದೆ ಎಂದರು. ಆಮೇಲೆ, ಬೆಳಗ್ಗೆ ಒಬ್ಬಳಿಗೇ ಭಯ ಆಗುವುದಿಲ್ಲವೇ ಎಂದು ಕೇಳಿದರು.

ತನ್ನ ಮಗಳು ಭಾರಿ ಧೈರ್ಯವಂತೆ ಎಂದು ಅಮ್ಮನೇ ಹೇಳಿಬಿಟ್ಟಳು. ಎಷ್ಟಾದರೂ ಧರಣಿ ದಿನಾ ತನಗೆ ಭಯವೇ ಇಲ್ಲ ಎಂದು ಹೇಳಿ ಅಮ್ಮನನ್ನು ಕೆಲಸಕ್ಕೆ ಕಳಿಸುತ್ತಿದ್ದಳು.

"ಆಗುತ್ತೆ ಮಿಸ್. ಅಮ್ಮ ಬೇಜಾರ್ ಮಾಡ್ಕೋತಾಳೆ ಅಂತ ಹೇಳ್ತಿರ್ಲಿಲ್ಲ."

"ನಂಗೂ ಆಗುತ್ತೆ ಕಣಮ್ಮ" ಎಂದಳು ಅಮ್ಮ. "ಬಸ್ಸಲ್ಲಿ ಕೂತ್ಕೊಂಡು ದಿನಾ ಅದನ್ನೇ ಯೋಚಿಸ್ತೀನಿ."

ಅಮ್ಮನಿಗೂ ಭಯವಾಗುತ್ತದೆ ಎಂಬುದು ಧರಣಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಅವಳು ಚಾಪೆಯ ಮೇಲೆ ಸರಿದು ಅಮ್ಮನಿಗೆ ಒತ್ತಿಕೊಂಡು ಕುಳಿತಳು.